ಗುರುತು ಅನ್ನೋ ಕಾಲಂ

ಕಳೆದ ತಿಂಗಳು ಆಫೀಸಿನಲ್ಲಿ ಒಂದು ಮೀಟಿಂಗ್ ಇತ್ತು. ಹನ್ನೊಂದು ಜನ, ಎರಡು ತಾಸು, ಒಂದೇ ಪ್ರಶ್ನೆ. ಹದಿನಾಲ್ಕು ವರ್ಷದಿಂದ ನಡೀತಿರೋ ಒಬ್ಬ ಗ್ರಾಹಕರ ಸಾಫ್ಟ್‌ವೇರನ್ನು ಪೂರ್ತಿ ಬಿಸಾಕಿ ಹೊಸದಾಗಿ ಬರೆಯೋದಾ, ಇಲ್ಲಾ ಇದ್ದದ್ದನ್ನೇ ತಿದ್ದಿ ತೀಡಿ ಬೆಳೆಸ್ಕೊಂಡು ಹೋಗೋದಾ? ಹುಬ್ಬಳ್ಳಿ ಕಡೆಯ ಹೋಲ್‌ಸೇಲ್ ವ್ಯಾಪಾರ ಅವರದು. ಆರ್ಡರ್, ಬಿಲ್ಲು, ಗೋದಾಮು, ಗಾಡಿ ಎಲ್ಲಾ ಆ ಒಂದೇ ಸಾಫ್ಟ್‌ವೇರಿನಲ್ಲಿ.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ, ಕೆಲಸಕ್ಕೆ ಸೇರಿ ಎರಡು ವರ್ಷ. ಚುರುಕು. ದೊಡ್ಡ ಸ್ಕ್ರೀನಿನ ಮೇಲೆ ಒಂದು ಫಂಕ್ಷನ್ ತೆರೆದು ತೋರಿಸಿದ. 3,800 ಸಾಲು. ಸ್ಕ್ರೋಲ್ ಮಾಡ್ತಾನೇ ಇದ್ದ, ಅದು ಮುಗೀತಾನೇ ಇರ್ಲಿಲ್ಲ. "ಇದು ಕೋಡ್ ಅಲ್ಲ ಸರ್, ಕಸದ ಬುಟ್ಟಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮ್ಯಾನೇಜರ್ ನನ್ನ ಕಡೆ ತಿರುಗಿ, "ಸೋಮವಾರದೊಳಗೆ ನೀವೊಂದು ನೋಟ್ ಬರೆದುಬಿಡಿ, ಯಾವುದು ಅಂತ" ಅಂದ್ರು.

ಅವತ್ತು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತೆ, ಒಂದು ಸಾಲೂ ಬರೀಲಿಕ್ಕಾಗಲಿಲ್ಲ. ಯಾಕಂದ್ರೆ ಇಂಥಾ ನೋಟನ್ನು ನಾನು ಹಿಂದೆ ಒಂದ್ಸಲ ಬರೆದಿದ್ದೆ. 2013ರಲ್ಲಿ, ವಿಜಯಪುರದಲ್ಲಿ. ಅದು ಇನ್ನೂ ಬಾಯಿಪಾಠ ಇದೆ ನನಗೆ.

ನಮ್ಮೂರು ಸಿಂದಗಿ ತಾಲೂಕಿನ ಒಂದು ಹಳ್ಳಿ. ವಿಜಯಪುರದಲ್ಲಿ ಬಿಇ ಮುಗಿಸಿದೆ. ಕ್ಯಾಂಪಸ್ಸಿಗೆ ದೊಡ್ಡ ಕಂಪನಿಗಳು ಬಂದವು, ನನ್ನ ಇಂಗ್ಲಿಷ್ ಕೇಳಿ ಹೋದವು. ಕೊನೆಗೆ ಊರಲ್ಲೇ ಒಂದು ಕಂಪನಿ ಸೇರಿದೆ. ಕಂಪನಿ ಅಂದ್ರೆ ಎರಡು ರೂಮು, ಐದು ಜನ, ಒಂದು ಯುಪಿಎಸ್ಸು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿ ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡೋದು ನಮ್ಮ ಕೆಲಸ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾದಾಗಿಂದ ಇವರ ಲೆಕ್ಕ ಇದ್ದದ್ದು ಕೆಂಪು ಬಟ್ಟೆ ಸುತ್ತಿದ ಪುಸ್ತಕದಲ್ಲಿ. ಅದನ್ನು ಕಂಪ್ಯೂಟರಿಗೆ ತಂದವರು ನಮ್ಮ ಮಾಸ್ತರು.

ಮಾಸ್ತರು ಅಂದ್ರೆ ನಮ್ಮ ಕಂಪನಿಯ ಹಳೇ ಪ್ರೋಗ್ರಾಮರ್. ಮೊದಲು ಟ್ಯೂಷನ್ನಿನಲ್ಲಿ ಗಣಿತ ಹೇಳ್ತಿದ್ದರು, ಆ ಹೆಸರೇ ಉಳೀತು. ಕಂಪ್ಯೂಟರ್ ಓದಿದವರಲ್ಲ. ಪುಸ್ತಕ ನೋಡಿ ಫಾಕ್ಸ್‌ಪ್ರೋ ಕಲಿತು, ಒಬ್ಬರೇ ಎಲ್ಲಾ ಬರೆದಿದ್ದರು. ಬೆಳಿಗ್ಗೆ ಕೆಂಪು ಬಸ್ ಹತ್ತಿ ಒಂದು ಸಂಘಕ್ಕೆ ಹೋಗೋರು, ಅಲ್ಲಿನ ಸೆಕ್ರೆಟರಿ ಏನು ಕೇಳ್ತಾರೋ ಅದನ್ನ ಅಲ್ಲೇ ಕೂತು ಕೋಡಿಗೆ ಸೇರಿಸೋರು, ಸಂಜೆ ಬಸ್ಸಿಗೆ ವಾಪಸ್. ವರ್ಷಾನುಗಟ್ಟಲೆ ಹೀಗೇ. ಕೋಡ್ ಹೇಗಿತ್ತು ಅಂತ ಊಹಿಸಿಕೊಳ್ಳಿ. ಒಂದು ಇಫ್ ಒಳಗೆ ಇನ್ನೊಂದು ಇಫ್, ಅದರೊಳಗೆ ಮತ್ತೊಂದು. ವೇರಿಯಬಲ್ಲಿನ ಹೆಸರು ಎ1, ಎ2, ಎ22.

ನಾನು ಬರೆದ ನೋಟಿನಲ್ಲಿ ಕಾರಣಗಳಿಗೇನೂ ಕೊರತೆ ಇರಲಿಲ್ಲ, ಮತ್ತು ಅವು ಸುಳ್ಳೂ ಅಲ್ಲ. ಫಾಕ್ಸ್‌ಪ್ರೋದ ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ, ಆಮೇಲೆ ಮೈಕ್ರೋಸಾಫ್ಟ್ ಅದನ್ನ ಮುಂದುವರಿಸಲಿಲ್ಲ. ಸಂಘಗಳ ಕಂಪ್ಯೂಟರಿನಲ್ಲೆಲ್ಲ ವಿಂಡೋಸ್ ಎಕ್ಸ್‌ಪಿ, ಅದರ ಸಪೋರ್ಟ್ 2014ರ ಏಪ್ರಿಲ್‌ಗೆ ಮುಗಿಯೋದಿತ್ತು. ಹೆಸರುಗಳೆಲ್ಲ ಹಳೇ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಸದಸ್ಯರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಟೋಪಿಗಳ ಜಾತ್ರೆ. ಆರು ತಿಂಗಳು ಕೊಡಿ, ಎಲ್ಲಾ ಬ್ರೌಸರಿನಲ್ಲಿ ಓಡೋ ಹಂಗೆ ಹೊಸದಾಗಿ ಬರೀತೀನಿ ಅಂದೆ. ಮಾಲಕರು ಒಪ್ಪಿದರು. ಮಾಸ್ತರು ಒಂದೇ ಮಾತು ಕೇಳಿದರು: "ನೀ ಎಷ್ಟು ಸಂಘಕ್ಕ ಹೋಗಿ ಬಂದೀಯೋ ತಮ್ಮಾ?"

ನಾಲ್ಕಕ್ಕೆ ಹೋಗಿದ್ದೆ. ಒಟ್ಟು ನಲವತ್ತರ ಮೇಲಿದ್ದವು.

ಆರು ತಿಂಗಳು ಹದಿನಾಲ್ಕಾಯಿತು. ಅದರ ದೊಡ್ಡ ಪಾಲು ಹೊಸದು ಬರೆಯೋದಕ್ಕೆ ಹೋಗಲಿಲ್ಲ, ಹಳೇದು ಯಾಕೆ ಹಂಗಿದೆ ಅಂತ ತಿಳಿಯೋದಕ್ಕೆ ಹೋಯಿತು. ಬಡ್ಡಿ ಲೆಕ್ಕವನ್ನೇ ತಗೊಳ್ಳಿ. ಒಂದು ಸೂತ್ರ ಸಾಕು ಅಂತ ಹೊರಟೆ. ಆದರೆ ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲದ ಬಡ್ಡಿ ಶೇ 4 ಆಯಿತು, 3 ಆಯಿತು, 1 ಆಯಿತು, ಕಡೀಕೆ ಸೊನ್ನೆ ಆಯಿತು. ಸೊನ್ನೆ ಬಡ್ಡಿಗೂ ಒಂದು ಮಿತಿ, ಆ ಮಿತಿಯೂ ಸರ್ಕಾರದಿಂದ ಸರ್ಕಾರಕ್ಕೆ ಏರುತ್ತಾ ಹೋಯಿತು. ಅದೂ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ಗಡುವು ದಾಟಿದರೆ ಲೆಕ್ಕವೇ ಬೇರೆ. ಬರ ಬಿದ್ದ ವರ್ಷ ಗಡುವು ಮುಂದಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬರ ಬೀಳದ ವರ್ಷ ಯಾವುದು? ಮಾಸ್ತರ ಕೋಡಿನಲ್ಲಿದ್ದ ಒಂದೊಂದು ಇಫ್ ಕೂಡ ಒಂದೊಂದು ಸರ್ಕಾರಿ ಆದೇಶ. ನಾನು ಅದನ್ನ ಕಸ ಅಂದ್ಕೊಂಡಿದ್ದೆ.

ಮುದ್ದೇಬಿಹಾಳ ಕಡೆಯ ಸಂಘಗಳಿಗಾಗಿ "ಹಣ ತಂದವರು" ಅಂತ ಒಂದು ಕಾಲಂ ಇತ್ತು. ಸಾಲಗಾರನೇ ಹಣ ತರ್ತಾನಲ್ಲ, ಇದ್ಯಾಕೆ ಅಂತ ತೆಗೆದುಬಿಟ್ಟೆ. ಆ ಕಡೆ ಅರ್ಧ ಊರು ಗುಳೆ ಹೋಗಿರುತ್ತದೆ, ಗೋವಾಕ್ಕೋ ಮಹಾರಾಷ್ಟ್ರಕ್ಕೋ. ಸಾಲ ಗಂಡನ ಹೆಸರಲ್ಲಿ, ಕಂತು ತರೋದು ಹೆಂಡತಿ, ಇಲ್ಲಾ ಅಣ್ಣನ ಮಗ. ನಾಳೆ ಗಂಡ ಬಂದು "ನಾ ಕಳಿಸಿದ ರೊಕ್ಕ ಎಲ್ಲಿ ಹೋತು" ಅಂದಾಗ ಮನೆಯವರೊಳಗಿನ ಜಗಳ ಬಿಡಿಸೋದು ಆ ಒಂದು ಕಾಲಂ. ಅಲ್ಲಿನ ಸೆಕ್ರೆಟರಿ ಟೆಸ್ಟಿಂಗ್ ದಿನವೇ ಗದರಿಸಿ ಅದನ್ನ ವಾಪಸ್ ಹಾಕಿಸಿದರು. ಪುಣ್ಯ.

ನುಡಿಯಿಂದ ಯೂನಿಕೋಡಿಗೆ ತರೋದಂತೂ ಬೇರೆಯದೇ ಕಥೆ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಹಂಗೆ ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಹಂಗೆ ಮೊದಲೇ ಬರಬೇಕು. ನನ್ನ ಕನ್ವರ್ಟರು ಅದನ್ನ ತಿರುಗಿಸಲಿಲ್ಲ. "ಕರ್ನಾಟಕ" ಹೋಗಿ "ಕನಾರ್ಟಕ" ಆಗಿರೋದನ್ನ ನೀವೂ ಎಲ್ಲೋ ನೋಡಿರ್ತೀರಿ. ಹಂಗೇ ಇಂಡಿ ಕಡೆಯ ದುರ್ಗವ್ವಂದಿರೆಲ್ಲ ಒಂದೇ ರಾತ್ರಿಯಲ್ಲಿ ದುಗರ್ವ್ವ ಆದರು. ಇದಕ್ಕೆ ನಕ್ಕೆವು, ಸರಿಪಡಿಸಿದೆವು. ನಗಲಿಕ್ಕಾಗದ್ದು ಬಾಗೇವಾಡಿಯಲ್ಲಿ ಆಯಿತು.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಆ ತಾಲೂಕಿನಲ್ಲಿ ನಿಂತು "ಬಸಪ್ಪಾ" ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡ್ತಾರೆ ಅಂತ ಹೇಳಬೇಕಾಗಿಲ್ಲ. ಬಸಪ್ಪ, ಬಸವರಾಜ, ಬಸಯ್ಯ, ಸಂಗಬಸಪ್ಪ. ಅಜ್ಜನ ಹೆಸರನ್ನ ಮೊಮ್ಮಗನಿಗೆ ಇಡೋ ರೂಢಿ ಬೇರೆ. ಅಣ್ಣತಮ್ಮಂದಿರಿಬ್ಬರೂ ತಮ್ಮ ಹಿರೇಮಗನಿಗೆ ಒಂದೇ ಅಜ್ಜನ ಹೆಸರಿಟ್ಟರೆ, ಒಂದೇ ಅಡ್ಡಹೆಸರಿನ ಇಬ್ಬರು. ಮುಂದಿನ ಪೀಳಿಗೆಯಲ್ಲಿ ತಂದೆ ಹೆಸರೂ ಒಂದೇ ಆಗಿಬಿಡುತ್ತದೆ. ಇದಕ್ಕೆ ಮಾಸ್ತರು ಸದಸ್ಯರ ಪಟ್ಟಿಯಲ್ಲಿ "ಗುರುತು" ಅಂತ ಒಂದು ಕಾಲಂ ಇಟ್ಟಿದ್ದರು. ಯಾವ ನಿಯಮವೂ ಇಲ್ಲ, ಸೆಕ್ರೆಟರಿಗೆ ತೋಚಿದ್ದು ಬರೆಯೋದು. "ಬಾವಿ ಹೊಲದವ." "ಮ್ಯಾಗಿನ ಓಣಿ." "ಗಿರಣಿ." "ಎರಡನೇಕಿ ಮಗ." ಆಲಮಟ್ಟಿ ಹಿನ್ನೀರಿನಲ್ಲಿ ಊರು ಹೋದವರ ಮುಂದೆ "ಮುಳುಗಡೆ, ಹೊಸ ಊರು". ನೂರಕ್ಕೆ ಎಂಬತ್ತು ಜನರಿಗೆ ಅದು ಖಾಲಿ.

ಖಾಲಿ ಕಾಲಂ, ಅದೂ ಒಂದು ಪದ್ಧತಿಯಿಲ್ಲದ ಬರಹ. ತೆಗೆದೆ. ಆಮೇಲೆ ಹೆಸರು, ತಂದೆ ಹೆಸರು, ಊರು ಮೂರೂ ಒಂದೇ ಇದ್ದ ಸದಸ್ಯರನ್ನ ಹುಡುಕಿದೆ. ಒಂದು ಸಂಘದಲ್ಲೇ 34 ಜೋಡಿ ಸಿಕ್ಕವು. ಪುಸ್ತಕ ಬದಲಾದಾಗ ಹಳೇ ಗುಮಾಸ್ತರು ಒಬ್ಬರಿಗೇ ಎರಡು ನಂಬರ್ ಕೊಟ್ಟಿರ್ತಾರೆ ಅಂತ ಗೊತ್ತಿತ್ತು, ಜೋಡಿಗಳನ್ನೆಲ್ಲ ಒಂದು ಮಾಡಿದೆ. ಡೇಟಾ ಸ್ವಚ್ಛ ಆಯಿತು ಅಂತ ವರದಿಯಲ್ಲೂ ಬರೆದೆ. ಸೆಕ್ರೆಟರಿ ಸ್ಕ್ರೀನ್ ನೋಡಿ ಕೇಳಿದ್ದರು, "ಸರ, ಗುರುತು ಕಾಣವಲ್ದು?" ನಾನು ಹೇಳಿದ್ದು: "ಅದರ ಜರೂರ ಇಲ್ರಿ ಇನ್ನ, ಮೆಂಬರ್ ಐಡಿ ಅದ ಅಲ್ರಿ." ಅವರು ಸುಮ್ಮನಾದರು. ನಾನು ಇಂಜಿನಿಯರು, ಅವರು ಪಿಯುಸಿ.

ಆ 34ರಲ್ಲಿ 29 ನಿಜಕ್ಕೂ ಒಬ್ಬರದೇ ಎರಡು ನಂಬರುಗಳಾಗಿದ್ದವು. ಐದು ಆಗಿರಲಿಲ್ಲ.

ಸಂಘದ ವಾರ್ಷಿಕ ಸಭೆಗೆ ಮೊದಲು ಕಟಬಾಕಿದಾರರ ಪಟ್ಟಿಯನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತಾರೆ. ಅದು ನಮ್ಮ ಅವ್ವನ ತವರೂರು. ಸಂಜೆ ಏಳಕ್ಕೆ ಅವ್ವ ಫೋನ್ ಮಾಡಿದಳು. "ಏನ್ ಮಾಡೀಯೋ ನೀ? ಮುತ್ಯಾ ಎರಡ ದಿನ ಆತು ಕಟ್ಟಿಗೆ ಬಂದ ಕುಂತಿಲ್ಲಂತ." ಮುತ್ಯಾ ನಮ್ಮ ಸ್ವಂತ ಅಜ್ಜ ಅಲ್ಲ, ಊರಿಗೆಲ್ಲಾ ಮುತ್ಯಾ. ಎಂಬತ್ತರ ಹತ್ತಿರ ವಯಸ್ಸು. ಜೀವಮಾನದಲ್ಲಿ ಒಂದು ಕಂತು ತಪ್ಪಿಸಿದವನಲ್ಲ, ಅದನ್ನೇ ಹೇಳ್ಕೊಂಡು ಮೀಸೆ ತಿರುವ್ತಿದ್ದವನು. ಅವನ ಹೆಸರಿನವನೇ, ಅವನ ತಂದೆ ಹೆಸರಿನವನೇ ಇನ್ನೊಬ್ಬ ಇದ್ದ. ಮುಳುಗಡೆಯಾಗಿ ಪುನರ್ವಸತಿ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಎಲ್ಲಿಗೋ ಹೋದವನು. ಅವನ ಎಪ್ಪತ್ತು ಸಾವಿರ ಬಾಕಿ ಈಗ ಮುತ್ಯಾನ ಹೆಸರಿನ ಮುಂದೆ ಗೋಡೆ ಮೇಲಿತ್ತು. ಕಟಬಾಕಿ ಇದ್ದವರಿಗೆ ಹೊಸ ಬೆಳೆಸಾಲ ಸಿಗೋದಿಲ್ಲ. ಅದಕ್ಕಿಂತ ದೊಡ್ಡದು, ಊರು ಓದಿತ್ತು.

ಮರುದಿನ ಮೊದಲ ಬಸ್ಸಿಗೆ ಹೋದೆ. ಮುತ್ಯಾ ಮನೆ ಪಡಸಾಲೆಯಲ್ಲಿ ಕೂತಿದ್ದ. ಮುಂದೆ ಒಂದು ತಗಡಿನ ಪೆಟ್ಟಿಗೆ, ಅದರ ತುಂಬ ರಶೀದಿ. ವರ್ಷದ ಪ್ರಕಾರ ದಾರ ಕಟ್ಟಿ ಇಟ್ಟಿದ್ದ. ಬೈತಾನೆ ಅಂದ್ಕೊಂಡಿದ್ದೆ, ಬೈಯಲಿಲ್ಲ. ಒಂದೊಂದೇ ದಾರ ಬಿಚ್ಚಿ ನನ್ನ ಕೈಗೆ ಕೊಡ್ತಾ ಹೋದ. "ನೋಡು. ನೀ ಓದೀದಿ ಅಲ್ಲ, ನೋಡಿ ಹೇಳು." ನಾನು ಅಷ್ಟನ್ನೂ ನೋಡಿದೆ. ನೋಡೋ ಅಗತ್ಯ ಇರಲಿಲ್ಲ, ತಪ್ಪು ಎಲ್ಲಿದೆ ಅಂತ ಬಸ್ಸಿನಲ್ಲೇ ಗೊತ್ತಾಗಿತ್ತು. ಆದರೂ ನೋಡಿದೆ, ಅರ್ಧ ದಿನ. ಕೊನೆಗೆ "ನಂದs ತಪ್ಪು ಮುತ್ಯಾ, ಕಂಪ್ಯೂಟರಿಂದಲ್ಲ" ಅಂದೆ. "ಹಂಗಾರ ಅದನ್ನೂ ಗ್ವಾಡಿಗಿ ಹಚ್ಚು" ಅಂದ.

ಹಚ್ಚಿದೆವು. ಸಂಘದ ಲೆಟರ್‌ಹೆಡ್ಡಿನ ಮೇಲೆ, ಸೆಕ್ರೆಟರಿ ಸಹಿ, ಕೆಳಗೆ ನನ್ನದೂ. ಗುರುತು ಕಾಲಂ ವಾಪಸ್ ತರಲಿಕ್ಕೆ ನನಗೆ ಹಿಡಿದದ್ದು ಒಂದೂವರೆ ದಿನ, ಅಷ್ಟೇ. ಮುಂದಿನ ಎರಡು ಆಡಿಟ್ ಮುಗಿಯೋವರೆಗೂ ಮಾಸ್ತರ ಹಳೇ ಪ್ರೋಗ್ರಾಂ ಪಕ್ಕದ ಟೇಬಲ್ ಮೇಲೆ ಓಡ್ತಾನೇ ಇತ್ತು. ಸೆಕ್ರೆಟರಿಗಳು ಎರಡರಲ್ಲೂ ಎಂಟ್ರಿ ಮಾಡಿ, ತಾಳೆ ನೋಡಿ, ನನ್ನನ್ನ ಮನಸ್ಸಿನಲ್ಲೇ ಬೈಕೊಂಡು ಮನೆಗೆ ಹೋಗೋರು.

ಬೆಂಗಳೂರಿಗೆ ಬಂದಮೇಲೆ ಈ ವಿಷಯದ ಮೇಲೆ ಜಗತ್ತು ಏನೇನು ಬರೆದಿದೆ ಅಂತ ಓದಿದೆ. ನೆಟ್‌ಸ್ಕೇಪ್ ಕಥೆ ಎಲ್ಲರೂ ಹೇಳ್ತಾರೆ. 1997ರಲ್ಲಿ ಆವೃತ್ತಿ 4 ಬಿಟ್ಟವರು, ಮೊದಲಿಂದ ಬರೆಯಲಿಕ್ಕೆ ಕೂತು, 5 ಬಿಡದೇ, 2000ದ ನವೆಂಬರಿನಲ್ಲಿ 6 ತಂದರು. ಅಷ್ಟರಲ್ಲಿ ಆಟ ಮುಗಿದಿತ್ತು. ಅದೇ ವರ್ಷ ಜೋಯೆಲ್ ಸ್ಪೋಲ್ಸ್‌ಕಿ ಅದನ್ನಿಟ್ಟುಕೊಂಡು, ಹೊಸದಾಗಿ ಬರೆಯೋದು ಎಂದೂ ಮಾಡಬಾರದ ಕೆಲಸ ಅಂತ ಬರೆದ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರಲ್ಲಿ ಹೊಸ ವ್ಯವಸ್ಥೆಗೆ ಹಾರಿದಾಗ ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆಯ ಹೊರಗೇ ನಿಂತರು. ಇವೆಲ್ಲ ನಿಜ. ಆದರೆ ನನಗೆ ಹೆಚ್ಚು ಕಲಿಸಿದ್ದು ನಮ್ಮ ಪಹಣಿ.

ಭೂಮಿ ಯೋಜನೆ ಬಂದಾಗ ನಾನು ಹೈಸ್ಕೂಲಿಗೂ ಬಂದಿರಲಿಲ್ಲ. ಅಪ್ಪ ಸಿಂದಗಿಗೆ ಹೋಗಿ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಉತಾರ ತಂದದ್ದು ನೆನಪಿದೆ. ಮಡಚಲಿಕ್ಕೆ ಮನಸ್ಸಾಗದೆ ಹಾಸಿಗೆ ಕೆಳಗಿಟ್ಟಿದ್ದ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಟೈಪ್ ಮಾಡಿದ್ದರು. ಕೈಬರಹದಲ್ಲಿ ಏನಿತ್ತೋ ಅದನ್ನೇ, ತಪ್ಪನ್ನೂ ಸೇರಿಸಿ. ಅದಕ್ಕೇ ಇವತ್ತಿಗೂ ಕಾಲಂ 3ರ ವಿಸ್ತೀರ್ಣಕ್ಕೂ ಕಾಲಂ 9ರ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿ ಹಿಡ್ಕೊಂಡು ಜನ ತಹಶೀಲ್ದಾರ್ ಕಚೇರಿಗೆ ಅಲೀತಾರೆ. ಆ ತಪ್ಪನ್ನ ಯಾವನೋ ನನ್ನಂಥ ಜಾಣ ಒಂದು ಸ್ಕ್ರಿಪ್ಟ್ ಓಡಿಸಿ "ಸ್ವಚ್ಛ" ಮಾಡಿದ್ದರೆ? ಯಾರದೋ ಎರಡು ಗುಂಟೆ ಸದ್ದಿಲ್ಲದೆ ಇನ್ನೊಬ್ಬರದಾಗ್ತಿತ್ತು, ಅಲೆಯಲಿಕ್ಕೆ ಕಾರಣವೂ ಉಳೀತಿರಲಿಲ್ಲ. ತಪ್ಪು ಕಾಣೋ ಹಂಗೆ ಉಳಿದದ್ದಕ್ಕೆ ತಿದ್ದಲಿಕ್ಕಾದರೂ ಬರುತ್ತದೆ. ಆಮೇಲೆ ಅದೇ ದಾಖಲೆಯ ಮೇಲೆ ಮೋಜಿಣಿ ಕೂತಿತು, ಬೆಳೆ ಸಮೀಕ್ಷೆ ಕೂತಿತು, ಬೆಳೆ ಪರಿಹಾರ ಕೂತಿತು. 2018ರ ಸಾಲಮನ್ನಾ ಹೊತ್ತಿಗೆ ಯಾರಿಗೆ ಎಷ್ಟು ಅಂತ ತಾಳೆ ನೋಡಿದ್ದೂ ಅದರ ಮೇಲೆಯೇ.

ಹಂಗಂತ ಹಳೇದಕ್ಕೆ ದಂಡ ಹಾಕಬೇಕು ಅಂತ ನಾನು ಹೇಳ್ತಿಲ್ಲ. ಆಸ್ತಿ ನೋಂದಣಿಯ ಕಾವೇರಿ 2003ರಲ್ಲಿ ಬಂದದ್ದು. ಇಪ್ಪತ್ತು ವರ್ಷ ಆದಮೇಲೆ, 2023ರಲ್ಲಿ, ಕಾವೇರಿ 2.0 ಅಂತ ಹೊಸದನ್ನ ತಂದರು. ಕಚೇರಿಯೊಳಗೆ ಕೂತವರಿಗಾಗಿ ಕಟ್ಟಿದ್ದನ್ನ ಮನೆಯಿಂದಲೇ ಅರ್ಜಿ ಹಾಕೋ ಜನರಿಗೆ ತೇಪೆ ಹಾಕಿ ಹೊಂದಿಸೋದು ಕಷ್ಟ. ಅಲ್ಲಿ ಹೊಸದು ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ನೋಡಿ, ಹೊಲ ಕೊಂಡವನ ಹೆಸರು ಪಹಣಿಗೆ ಏರಬೇಕಾದರೆ ಆ ಹೊಸ ಕಾವೇರಿಯೂ ಕೊನೆಗೆ ಹಳೇ ಭೂಮಿಗೇ ಕಾಗದ ದಾಟಿಸಬೇಕು.

ನನ್ನ ಹೊಸ ಸಾಫ್ಟ್‌ವೇರಿನ ಕಥೆ ಇನ್ನೊಂದು ಸಲ ಕೇಳಬೇಕಾಯಿತು. 2018ರಲ್ಲಿ ಮಾಸ್ತರು ಫೋನ್ ಮಾಡಿದರು. ಹೊಸ ತಾಲೂಕುಗಳು ಬಂದಿದ್ದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ. "ನಿನ್ನ ಪ್ರೋಗ್ರಾಮಿನ್ಯಾಗ ತಾಲೂಕ ಎಲ್ಲಿ ಕೂಡಸೋದೋ?" ಕೂಡಿಸಲಿಕ್ಕೆ ಜಾಗ ಇರಲಿಲ್ಲ. ಐದು ತಾಲೂಕನ್ನ ನಾನು ಕೋಡಿನೊಳಗೇ ಬರೆದುಬಿಟ್ಟಿದ್ದೆ, ತಾಲೂಕು ಬದಲಾಗ್ತದೆ ಅಂತ ಯಾರು ಅಂದ್ಕೊಳ್ತಾರೆ? ಮಾಸ್ತರ ಹಳೇ ಫಾಕ್ಸ್‌ಪ್ರೋದಲ್ಲಿ ತಾಲೂಕಿಗೆ ಬೇರೆ ಟೇಬಲ್ಲೇ ಇತ್ತು. ಜಿಲ್ಲೆಯ ಹೆಸರಿಗೂ. 2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಆದಾಗ ಅವರು ಅದನ್ನ ಒಂದೇ ಜಾಗದಲ್ಲಿ ಬದಲಿಸಿದ್ದರು. ನಾನು ಎಷ್ಟು ಜಾಗದಲ್ಲಿ ಬದಲಿಸಿದ್ದೆ ಅಂತ ಹೇಳೋದಿಲ್ಲ. ಎ1, ಎ2, ಎ22 ಅಂತ ಬರೆದ ಮನುಷ್ಯ!

ಈಗ ಆ ಸಂಘಗಳಿಗೆಲ್ಲ ಮತ್ತೊಂದು ಹೊಸದು ಬರ್ತಿದೆ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಕೃಷಿ ಪತ್ತಿನ ಸಂಘಗಳಿಗೆ ಒಂದೇ ಸಾಫ್ಟ್‌ವೇರ್ ಅಂತ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೇದೇ. ಎಲ್ಲಾ ಸಂಘಕ್ಕೂ ಒಬ್ಬ ಮಾಸ್ತರು ಸಿಗೋದಿಲ್ಲ, ಸಿಕ್ಕರೂ ಅವರು ಹೋದ ಮೇಲೆ ಯಾರು? ಆದರೆ ಹೆಸರು, ತಂದೆ ಹೆಸರು, ಊರು ಒಂದೇ ಇರೋ ಜೋಡಿಗಳನ್ನ ಹುಡುಕ್ತಾ ಎಲ್ಲೋ ಒಬ್ಬ ಹುಡುಗ ಕೂತಿರ್ತಾನೆ ಅಂತ ನೆನೆದರೆ ಒಂಥರಾ ಹೊಟ್ಟೆ ತೊಳಸ್ತದೆ.

ಸೋಮವಾರ ನೋಟ್ ಕೊಟ್ಟೆ. ಪೂರ್ತಿ ಹೊಸದು ಬೇಡ. ಬಿಲ್ಲಿನ ಭಾಗ, ಗಾಡಿ ಭಾಗ ಒಂದೊಂದೇ ಹೊರಗೆ ತೆಗೆಯೋಣ, ಹೊಸ ಭಾಗ ಹಳೇದರ ಪಕ್ಕದಲ್ಲಿ ಮೂರು ತಿಂಗಳು ಓಡಲಿ, ಎರಡರ ಉತ್ತರ ತಾಳೆಯಾದ ಮೇಲೆ ಹಳೇದನ್ನ ನಿಲ್ಲಿಸೋಣ, ಯಾವ ಕಾಲಂ ಕೂಡ ಕೇಳದೆ ತೆಗೆಯೋದು ಬೇಡ. ಮೂರು ವರ್ಷ ಹಿಡೀಬಹುದು ಅಂತ ಬರೆದೆ. ಮ್ಯಾನೇಜರ್ ಆ "ಮೂರು" ನೋಡಿ ಕನ್ನಡಕ ತೆಗೆದಿಟ್ಟರು.

ಆ ಹುಡುಗ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಿಡ್ಕೊಂಡ. "ಸರ್, ನೀವು ಹೇಳೋದು ಕಂಪನಿಗೆ ಸರಿ. ನನಗೆ? ಮೂರು ವರ್ಷ ಈ ಹಳೇ ಭಾಷೆಯಲ್ಲೇ ಕೂತರೆ ಮುಂದಿನ ಇಂಟರ್‌ವ್ಯೂನಲ್ಲಿ ನಾನೇನು ಹೇಳಲಿ?" ಇದಕ್ಕೆ ನನ್ನತ್ರ ಒಳ್ಳೇ ಉತ್ತರ ಇರಲಿಲ್ಲ. ನಿಜ ಹೇಳಬೇಕಂದ್ರೆ ನನಗೆ ಬೆಂಗಳೂರಿನ ಕೆಲಸ ಸಿಕ್ಕದ್ದೇ ಆ ರೀರೈಟ್ ತೋರಿಸಿ. ಮುತ್ಯಾನ ಕಥೆ ಅವತ್ತಿನ ಇಂಟರ್‌ವ್ಯೂನಲ್ಲಿ ಹೇಳಿರಲಿಲ್ಲ. ಬ್ರೌಸರಿನಲ್ಲಿ ಓಡೋ ಹೊಸ ವ್ಯವಸ್ಥೆ ಕಟ್ಟಿದೆ ಅಂತ ಮಾತ್ರ ಹೇಳಿದ್ದೆ. ಹೊರಗೆ ತೆಗೆಯೋ ಮೊದಲ ಭಾಗ ನೀನೇ ಮಾಡು, ಅದನ್ನ ಹೊಸ ಭಾಷೆಯಲ್ಲೇ ಬರೀ ಅಂದೆ. ಅರ್ಧ ಮನಸ್ಸಿನಿಂದ ತಲೆ ಹಾಕಿದ.

ಮೊನ್ನೆ ಅವನೇ ಕರೆದ. ಗ್ರಾಹಕರ ಟೇಬಲ್ಲಿನಲ್ಲಿ "ರಿಮಾರ್ಕ್ಸ್3" ಅಂತ ಒಂದು ಕಾಲಂ, ಸಾವಿರಾರು ಅಂಗಡಿಗಳಲ್ಲಿ 211ಕ್ಕೆ ಮಾತ್ರ "ಕೆ" ಅಂತ ಒಂದು ಅಕ್ಷರ, ಉಳಿದದ್ದೆಲ್ಲ ಖಾಲಿ. ಕೋಡಿನಲ್ಲಿ ಎಲ್ಲೂ ಬಳಕೆಯಿಲ್ಲ. "ತೆಗೀಬಹುದಲ್ವಾ ಸರ್?" ಅಂತ ಕೇಳಿ, ತಾನೇ "ಕೇಳಿ ತೆಗೀಬೇಕು, ಗೊತ್ತು" ಅಂದ. ಹುಬ್ಬಳ್ಳಿ ಗೋದಾಮಿನ ಗುಮಾಸ್ತರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅದಾ? ಕೆ ಅಂದ್ರ ಕೆಳಗಿನ ಅಂಗಡಿ ರೀ. ಅಣ್ಣ ತಮ್ಮ ಪಾಲಾಗಿರ್ತಾರ, ಜಿಎಸ್‌ಟಿ ನಂಬರ್ ಒಂದs ಇರ್ತೈತಿ, ಅಂಗಡಿ ಎರಡು. ಬಿಲ್ಲ ಮ್ಯಾಲೆ ಕೆ ಅಂತ ಬಂತಂದ್ರ ನಮ್ಮ ಡ್ರೈವರ್ ಮಾಲನ್ನ ತಮ್ಮನ ಅಂಗಡ್ಯಾಗ ಇಳಸ್ತಾನ. ಮ್ಯಾಲಿನ ಅಂಗಡ್ಯಾಗ ಇಳಿಸಿದ್ರ ಮುಗೀತು, ಪೊಲೀಸ್ ಸ್ಟೇಷನ್ ತನಕಾ ಹೋಗ್ತಾರ. ಯಾಕ್ರಿ ಸರ, ಏನರ ತಗದೀರೇನ?"

"ಇಲ್ರಿ, ತಗದಿಲ್ಲ" ಅಂತ ಹುಡುಗ ನನಗಿಂತ ಮೊದಲೇ ಹೇಳಿದ. ಅವನು ಮಂಡ್ಯದವನು, ಇಷ್ಟು ದಿನ ಆ "ರೀ" ಅವನ ಬಾಯಲ್ಲಿ ಬಂದಿರಲಿಲ್ಲ.